ರಾಜಾನ ತುರಿಕೆಗೆ ಊರೆಲ್ಲ ಡಾಕ್ಟರು

ಮನುಷ್ಯನಿಗೆ ಜ್ವರ ಬಂದರೆ ಜನ "ಡಾಕ್ಟರಿಗೆ ತೋರಸ್ರಿ" ಅಂತಾರೆ. ನಾಯಿಗೆ ತುರಿಕೆ ಬಂದರೆ ಮಾತ್ರ ಎಲ್ಲರೂ ತಾವೇ ಡಾಕ್ಟರಾಗಿಬಿಡುತ್ತಾರೆ. ಪುಣೆಯಲ್ಲಿ ಸಂಸಾರ ಹೂಡಿದಾಗಿನಿಂದ ಇದನ್ನು ನೋಡುತ್ತಲೇ ಬಂದಿದ್ದೇನೆ. ಅದರಲ್ಲೂ ತೊಂಬತ್ತರ ದಶಕದ ಕೊನೆಗೆ ನಮ್ಮ ರಾಜಾನಿಗೆ ಆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ತಲೆ ಕಾಯುತ್ತದೆ.

ಆಗ ನಾವು ಧನಕವಡಿಯ ಒಂದು ಸೊಸೈಟಿಯಲ್ಲಿ ಕೆಳಗಿನ ಫ್ಲ್ಯಾಟಿನಲ್ಲಿದ್ದೆವು. ನಮ್ಮ ಮನೆಯವರಿಗೆ ಪಿಂಪ್ರಿಯ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆ ಗೇಟಿನ ಹತ್ತಿರ ಸಿಕ್ಕ ಕೆಂಚು ಮರಿಯನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಬಂದು "ರಾಜಾ" ಅಂತ ಹೆಸರಿಟ್ಟವರು ಅವರು. ಸ್ನಾನ, ಊಟ, ಹೇಲು, ಉಚ್ಚೆ ಎಲ್ಲ ನನ್ನ ಪಾಲಿಗೆ. ಒಂದು ಮಳೆಗಾಲ ಶುರುವಾಗುತ್ತಲೇ ಅದು ತುರಿಸಿಕೊಳ್ಳಲು ಹತ್ತಿತು. ಬಾಲದ ಬುಡದ ಕೂದಲು ಉದುರಿತು, ಹೊಟ್ಟೆ ಕೆಂಪಗಾಯಿತು. ಕೂತಲ್ಲಿ ಕೂಡದು, ಮಲಗಿದಲ್ಲಿ ಮಲಗದು. ನನಗೆ ಕರುಳು ಚುರುಕ್ ಅಂತಿತ್ತು. ಉಳಿದವರಿಗೆ ಬುದ್ಧಿ ಓಡುತ್ತಿತ್ತು.

ಅರಿಷಿಣ

ಮೊದಲು ಬಂದವರು ಎದುರು ಮನೆಯ ಮರಾಠಿ ಆಜಿ. ಬೇವು, ಅರಿಷಿಣ ಅರೆದು ಹಚ್ಚಬೇಕು ಅಂದರು. ಬರೀ ಅನ್ನಲಿಲ್ಲ, ಮೈಮೇಲೆ ನಿಂತು ಹಚ್ಚಿಸಿದರು. ಬಾಸಿಂಗ ಒಂದು ಕಟ್ಟಿದ್ದರೆ ರಾಜಾ ಥೇಟ್ ಮದುಮಗ.

ಅದೇ ಹೊತ್ತಿಗೆ ಸೊಸೈಟಿಯ ಚೇರಮನ್ನರು ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಅಂತ ಬೆಳ್ಳಗಿನ ಜುಬ್ಬಾ ಪೈಜಾಮ ಹಾಕಿಕೊಂಡು ಮೆಟ್ಟಿಲು ಇಳಿದರು. ರಾಜಾ ಅವರ ಮಗ್ಗುಲಿಗೇ ನಿಂತು ಒಮ್ಮೆ ಮೈ ಝಾಡಿಸಿತು. ಜುಬ್ಬಾದ ತುಂಬ ಹಳದಿ ಚಿಕ್ಕಿ. ಅವರು ಒದರಿದ ಒದರಾಟಕ್ಕೆ ಇಡೀ ಬಿಲ್ಡಿಂಗು ಕಿಡಕಿಗೆ ಬಂತು.

ಅವರು ಬೈದದ್ದು ನನ್ನನ್ನು. ಹಚ್ಚಿಸಿದ ಆಜಿ ಮಾತ್ರ ನಗುತ್ತಾ, "ಅರೇ, ಹಳದ್ ಲಾಗಲೀ, ಶುಭ ಆಹೇ!" ಅಂದರು. ಅರಿಷಿಣ ಹತ್ತಿದರೆ ಶುಭವಂತೆ.

ಮೇಲಿನ ಕಿಡಕಿಯಿಂದ ಚೇರಮನ್ನರ ಹೆಂಡತಿ ಮರಾಠಿಯಲ್ಲಿ ಕೂಗಿ ಹೇಳಿದರು: "ಅರಿಷಿಣ ಹತ್ತಿದ್ದರೆ ಹಂಗೇ ಇನ್ನೊಂದು ಲಗ್ನ ಮಾಡಿಕೊಂಡು ಬನ್ನಿ. ಆ ಜುಬ್ಬಾ ಅವಳೇ ಒಗೀಲಿ!"

ಮಜ್ಜಿಗಿ

ಆ ವಾರವೇ ಇಂದಾಪುರದಿಂದ ನಮ್ಮವರ ಅಕ್ಕ ಬಂದರು. ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು ಒಂದು ಕ್ಯಾನು ಹುಳಿ ಮಜ್ಜಿಗೆ.

"ನಮ್ಮ ಎಮ್ಮಿಗೆ ಇದನ್ನ ಹಚ್ಚತೇವಿ. ನಾಯಿ ಏನು ಎಮ್ಮಿಗಿಂತ ದೊಡ್ಡದೇನು?" ಅಂದರು.

ನಾದಿನಿಗೆ, ಅದೂ ಹಿರಿಯಳಿಗೆ, ಏನು ಅನ್ನಲಿ? ಅವರೇ ರಾಜಾನನ್ನು ಅಂಗಳದಲ್ಲಿ ನಿಲ್ಲಿಸಿ ಮಜ್ಜಿಗೆಯ ಅಭಿಷೇಕ ಮಾಡಿದರು. ನಾಲಿಗೆ ಮುಟ್ಟುವಲ್ಲೆಲ್ಲ ರಾಜಾ ತಾನೇ ನೆಕ್ಕಿಕೊಂಡಿತು. ಮುಟ್ಟದ ಬೆನ್ನಿಗೆ ಓಣಿಯ ನಾಯಿಗಳು ಬಂದವು. ಕಾಂಪೌಂಡಿನೊಳಗೆ ನೊಣ, ನಾಯಿ, ಹುಳಿ ವಾಸನೆ, ಮೇಲೆ ಮಂದಿಯ ಬೈಗುಳ. ಕೋಲು ಹಿಡಿದು ಓಡಾಡಿ ನನ್ನ ಕೈ ಬಿದ್ದುಹೋಯಿತು.

ಅಕ್ಕ ಕಟ್ಟೆಯ ಮೇಲೆ ಕೂತು ಸಮಾಧಾನದಿಂದ ಹೇಳಿದರು: "ನೋಡು, ಅದರ ಬಂಧು ಬಳಗ ಹೆಂಗ ಸೇವಾ ಮಾಡಾಕತ್ತಾವ! ನೀ ನೋಡಿದರ ಮನಿಗೆ ಬಂದವರನ್ನ ಕೋಲು ತಗೊಂಡು ಓಡಸ್ತಿ."

ಹಳೇ ಎಣ್ಣಿ

ಸಿಟ್ಟು ನೆತ್ತಿಗೇರಿದ್ದು ಮಾತ್ರ ನಮ್ಮವರು ಒಂದು ಬಾಟಲಿ ಕರೀ ಎಣ್ಣೆ ತಂದಾಗ. ಗಾಡಿಯ ಎಂಜಿನ್ನಿನಿಂದ ಬಸಿದು ತೆಗೆದ ಸುಟ್ಟ ಎಣ್ಣೆ.

"ನಮ್ಮ ಫೋರಮನ್ ಹೇಳ್ಯಾನ. ಒಮ್ಮೆ ಹಚ್ಚಿದರ ಹುಳ ಎಲ್ಲಾ ಖಲಾಸ್."

"ನಾಯಿನೂ ಖಲಾಸ್! ಅದು ಮೈ ನೆಕ್ಕೋತದ. ವಿಷ ಹೊಟ್ಟಿಗೆ ಹೋಗಂಗಿಲ್ಲೇನ್ರಿ?"

"ನೀ ಸುಮ್ಮನಿರು. ಹೆಣ್ಮಕ್ಕಳಿಗೆ ಇದೆಲ್ಲ ತಿಳಿಯಂಗಿಲ್ಲ."

ಬಾಟಲಿ ಕಸಿದುಕೊಂಡೆ. "ಮೊನ್ನಿಂದ ನೀವೂ ತೊಡಿ ಕೆರಕೋಳಾಕತ್ತೀರಿ. ಬರ್ರಿ ಇಲ್ಲೆ, ಮೊದಲ ನಿಮಗ ಹಚ್ಚತೀನಿ. ನಿಮಗ ಆರಾಮಾತು ಅಂದ್ರ ರಾಜಾಗೂ ಹಚ್ಚೂಣು" ಅಂತ ಬೂಚು ತೆಗೆದೆ.

ಅವರು ವಾಸನೆ ನೋಡಿದರು, ನನ್ನ ಮುಖ ನೋಡಿದರು, "ನನಗ ಡ್ಯೂಟಿಗೆ ಹೊತ್ತಾತು" ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಅವತ್ತು ಗುರುವಾರ. ಪಿಂಪ್ರಿಯ ಕಾರ್ಖಾನೆಗೆ ವಾರದ ಸೂಟಿ.

ಏನೂ ಹಚ್ಚಬೇಡಿ

ಇನ್ನು ಯಾರ ಮಾತೂ ಬೇಡ ಅಂತ ನಾನೇ ರಾಜಾನನ್ನು ರಿಕ್ಷಾದಲ್ಲಿ ಹಾಕಿಕೊಂಡು ದನದ ಡಾಕ್ಟರ ಹತ್ತಿರ ಹೋದೆ. ಹೆಣ್ಣುಮಗಳು, ಖಡಕ್ ಮಾತು. ಏನೇನು ಹಚ್ಚಿದ್ದೀರಿ ಅಂತ ಕೇಳಿದರು. ಹೇಳುತ್ತಾ ಹೋದೆ. ಮಜ್ಜಿಗೆಗೆ ಬರುವಷ್ಟರಲ್ಲಿ ಆಕೆ ಕಣ್ಣಿನ ಚಾಳೀಸು ತೆಗೆದು ಟೇಬಲ್ಲಿನ ಮೇಲಿಟ್ಟರು.

"ಬಾಯಿ, ಆತಾ ಕಾಹೀಹೀ ಲಾವೂ ನಕಾ," ಅಂದರು. ಇನ್ನು ಏನೂ ಹಚ್ಚಬೇಡಿ!

ಬಾಲದ ಬುಡದ ಕೂದಲು ಸರಿಸಿ ತೋರಿಸಿದರು. ಚಿಗಟ. ಸಣ್ಣ ಹಲ್ಲಿನ ಹಣಿಗೆಯಿಂದ ದಿನಾ ಬಾಚಬೇಕು. ಉಗುರುಬೆಚ್ಚಗಿನ ನೀರು, ಆಕೆ ಕೊಟ್ಟ ಸಾಬೂನು. ನೊರೆ ಪೂರ್ತಿ ಹೋಗುವ ಹಾಗೆ ತೊಳೆದು ಮೈ ಒಣಗಿಸಬೇಕು. ಅದು ಮಲಗುವ ಗೋಣಿಚೀಲ ಕುದಿಯುವ ನೀರಿಗೆ. ಇಷ್ಟೇ. ಮಾಡಿದೆ. ಬರಬರುತ್ತಾ ಕೆರೆತ ನಿಂತಿತು, ಹೊಸ ಕೂದಲು ಬಂತು. ರಾಜಾ ಮತ್ತೆ ಹೊಟ್ಟೆ ಮೇಲೆ ಮಾಡಿಕೊಂಡು ನಿದ್ದೆ ಹೊಡೆಯಿತು.

ನನಗೊಂದು ಶಾಬಾಸ್ ಸಿಕ್ಕೀತೇ? ಆಜಿ "ನನ್ನ ಹಳದಿ" ಅಂದರು. ಇಂದಾಪುರದ ಅಕ್ಕ ಫೋನಿನಲ್ಲಿ "ನನ್ನ ಮಜ್ಜಿಗಿ" ಅಂದರು. ಮುಟ್ಟಿಸದೇ ಇಟ್ಟಿದ್ದ ಎಣ್ಣೆ ಬಾಟಲಿಯ ಕಡೆ ನೋಡಿ ನಮ್ಮವರು ಅಂದರು: "ಅದನ್ನ ನೋಡೇ ಹುಳ ಓಡಿಹೋಗ್ಯಾವ."

ಠರಾವು

ಚೇರಮನ್ನರಿಗೆ ಮಾತ್ರ ಜುಬ್ಬಾದ ಸಿಟ್ಟು ಇಳಿದಿರಲಿಲ್ಲ. ಚರ್ಮರೋಗದ ನಾಯಿಯನ್ನು ಸೊಸೈಟಿಯಿಂದ ಹೊರಗೆ ಹಾಕಬೇಕು ಅಂತ ಠರಾವು ಮಾಡಲು ರವಿವಾರ ಪಾರ್ಕಿಂಗಿನಲ್ಲಿ ಮೀಟಿಂಗ್ ಕರೆದರು. "ಆರಾಮಾಗ್ಯದ, ಬಂದು ಕಣ್ಣಾರೆ ನೋಡ್ರಿ" ಅಂತ ಮನೆಮನೆಗೆ ಹೋಗಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವತ್ತು ಬೆಳಿಗ್ಗೆ ಚೇರಮನ್ನರು ನಮ್ಮ ನಾಯಿಯ ಹುಳ ಸಾಯಲಿ ಅಂತ ಎಲ್ಲಿಂದಲೋ ಒಂದು ಬಿಳೀ ಪುಡಿ ತಂದು ಪಾರ್ಕಿಂಗಿನ ತುಂಬ ಹಿಟ್ಟು ಚೆಲ್ಲಿದ ಹಾಗೆ ಚೆಲ್ಲಿಸಿದರು. ಅದರ ಮೇಲೇ ತೆಳ್ಳಗಿನ ಜಮಖಾನ ಹಾಸಿದರು. ಎಲ್ಲರೂ ಕೂತರು. ನಮ್ಮವರೂ ಹೋಗಿ ಮುಂದಿನ ಸಾಲಿನಲ್ಲೇ ಕೂತರು. ನನಗೆ ಮಾತ್ರ, "ನಾಯಿಯವರು ದೂರ ನಿಲ್ಲಿ" ಅಂತ ಹುಕುಂ. ರಾಜಾನನ್ನು ಹಿಡಿದುಕೊಂಡು ಗೇಟಿನ ಆಚೆ ನಿಂತೆ. ಇವರೆಲ್ಲ ಕೈ ಎತ್ತಿದರೆ ಈ ಮೂಕಪ್ರಾಣಿಯನ್ನು ಎಲ್ಲಿ ಬಿಟ್ಟು ಬರಲಿ?

ಚೇರಮನ್ನರು ಭಾಷಣ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಆಜಿ ಹಿಮ್ಮಡಿ ಕೆರೆದುಕೊಂಡರು. ಸೆಕ್ರೆಟರಿ ಮೊಣಕಾಲು. ನಮ್ಮವರು ಎಲ್ಲೆಲ್ಲೋ. ನೋಡನೋಡುತ್ತ ಜಮಖಾನದ ತುಂಬ ಪರಪರ ಸಪ್ಪಳ. ಇಡೀ ಸಭೆಯಲ್ಲಿ ತುರಿಸಿಕೊಳ್ಳದೆ ಇದ್ದವರು ನಾವಿಬ್ಬರೇ, ನಾನು ಮತ್ತು ರಾಜಾ.

"ನಾಯಿ ಹೋಗಬೇಕು ಅನ್ನೋರು ಕೈ ಎತ್ತಿ!" ಅಂದರು ಚೇರಮನ್ನರು. ಒಂದು ಕೈ ಎದ್ದಿತು, ಸೀದಾ ಕುತ್ತಿಗೆಯ ಹಿಂದೆ ಹೋಯಿತು. ಇನ್ನೊಂದು ಎದ್ದಿತು, ಕಂಕುಳಿಗೆ ಇಳಿಯಿತು. ಯಾವ ಕೈ ಮತದ್ದು, ಯಾವ ಕೈ ಕೆರೆತದ್ದು ಅಂತ ತಿಳಿಯದೆ ಸೆಕ್ರೆಟರಿ ಎಣಿಸುವುದು ಬಿಟ್ಟು ತಾವೂ ಕೆರೆಯುತ್ತಾ ಕೂತರು. ಒಬ್ಬೊಬ್ಬರೇ ಎದ್ದು ಬಚ್ಚಲಿಗೆ ಓಡಿದರು. ಠರಾವು ಅಲ್ಲೇ ಬಿತ್ತು. ರಾಜಾ ಮುದಿಯಾಗುವ ತನಕ ನಮ್ಮ ಮನೆಯಲ್ಲೇ ಇತ್ತು.

ಆದರೆ ಅವತ್ತು ಎಲ್ಲರೂ ಓಡಿದ ಮೇಲೆ ಖಾಲಿ ಜಮಖಾನದ ಮೇಲೆ ಚೇರಮನ್ನರು ಒಬ್ಬರೇ ಉಳಿದಿದ್ದರು. ಬೆನ್ನಿನ ನಡುವೆ ಕೈ ಮುಟ್ಟದೆ, ಎರಡೂ ಕೈ ತಲೆಯ ಮೇಲಿಂದ ಹಿಂದಕ್ಕೆ ಹಾಕಿ ಕುಣಿಯುತ್ತಿದ್ದರು. ನಾನು ಗೇಟಿನಿಂದಲೇ ಮರಾಠಿಯಲ್ಲಿ ಕೂಗಿದೆ:

"ಚೇರಮನ್ ಸಾಹೇಬ್ರ, ಒಂದು ಕೈ ಇಳಿಸ್ರಿ! ಒಬ್ಬರಿಗೆ ಒಂದೇ ಮತ!"