ಮಾವನ ಮಡಿ ಮತ್ತು ಸೋರುವ ಕಮೋಡು

ನನ್ನ ಸೋದರಮಾವನಷ್ಟು ಮಡಿವಂತರು ಶಕ್ತಿನಗರದಲ್ಲಿ ಇನ್ನೊಬ್ಬರಿದ್ದರೆ ನಾನು ಮೀಸೆ ಬೋಳಿಸುತ್ತೇನೆ! ದೇವಸ್ಥಾನದ ಅರ್ಚಕರು. ಸ್ನಾನ ಮುಗಿಸಿ ಮಡಿ ಉಟ್ಟರೆಂದರೆ, ಟಾಯ್ಲೆಟ್ಟಿನ ಮುಂದೆ ಎದುರು ಗೋಡೆಗೆ ಅಂಟಿಕೊಂಡು ಅಡ್ಡಡ್ಡ ನಡೆಯುತ್ತಾರೆ. ಅಪ್ಪಿತಪ್ಪಿ ಆ ಬಾಗಿಲು ತಾಗಿತೋ, ಮತ್ತೆ ತಲೆಗೆ ಸ್ನಾನ. ಇಂಥವರು ಒಂದು ದಿನವಿಡೀ ಟಾಯ್ಲೆಟ್ಟಿನಲ್ಲೇ ಠಿಕಾಣಿ ಹೂಡಿದರೆಂದರೆ ನೀವು ನಂಬುತ್ತೀರಾ?

ಕಾರಣ, ಕಮೋಡು. ಅದರ ಹಿಂದೆ ಎಲ್ಲಿಂದಲೋ ನೀರು ಸೋರಿ ನೆಲವೆಲ್ಲ ಜಾರುತ್ತಿತ್ತು. ಮೊಣಕಾಲಿನ ಆಪರೇಶನ್ ಆಗಿ ಅತ್ತಾವರದ ಆಸ್ಪತ್ರೆಯಲ್ಲಿದ್ದ ಅತ್ತೆಗೆ ಮರುದಿನ ಬೆಳಿಗ್ಗೆ ಡಿಸ್ಚಾರ್ಜ್. "ಜಾರಿ ಬೀಳದ ಹಾಗೆ ನೋಡಿಕೊಳ್ಳಿ" ಎಂದು ಡಾಕ್ಟರು ಹೇಳಿದ್ದೇ ತಡ, ಮಾವನಿಗೆ ಊಟ ಸೇರಲಿಲ್ಲ.

ಕಂಕನಾಡಿಯಿಂದ ಬಂದ ಪ್ಲಂಬರ್ ಫ್ಲಶ್ ಟ್ಯಾಂಕನ್ನು ಸವರಿ, "ಲೀಕ್ ಎಂತ ಇಲ್ಲ ಭಟ್ರೇ. ಈ ಸೆಖೆಗೆ ಟ್ಯಾಂಕ್ ಬೆವರುವುದು" ಎಂದ.

"ಬೆವರುವುದು ನಾನು ಮಾರಾಯ! ನಾಳೆ ಅವಳು ಬರ್ತಾಳೆ. ಟ್ಯಾಂಕಿಗೆ ಎಂತ ಮಂಡೆಬಿಸಿ?"

ಅವನು ನಲ್ಲಿ ಬಿಗಿಮಾಡಿ, ಸಂಜೆ ಬರುತ್ತೇನೆಂದು ಹೋದ. ನೆಲ ಮತ್ತೆ ಒದ್ದೆ! ಮಾವ ಒರೆಸಿದರು, ಬಗ್ಗಿ ನೋಡಿದರು, ಮತ್ತೆ ಒರೆಸಿದರು. ನಾನು ರಬ್ಬರ್ ಮ್ಯಾಟ್ ತರಲು ಅಂಗಡಿಗೆ ಹೋದೆ. ಬಂದು ನೋಡಿದರೆ ಟಾಯ್ಲೆಟ್ಟಿನ ನೆಲವೆಲ್ಲ ಕೆಂಪು! ಪಕ್ಕದಲ್ಲಿ ಮಾವ ಬೋರಲು!

"ಮಾವಾ! ರಕ್ತ!"

"ರಕ್ತ ಅಲ್ಲ, ಕುರ್ದಿ ನೀರು. ಬೊಬ್ಬೆ ಹಾಕ್ಬೇಡ, ಟಾರ್ಚ್ ಹಿಡಿ."

ಅರಸಿನಕ್ಕೆ ಸುಣ್ಣ ಕಲಸಿ, ಆರತಿಗೆ ಮಾಡುವ ಕೆಂಪು ನೀರನ್ನು ಫ್ಲಶ್ ಟ್ಯಾಂಕಿಗೆ ಸುರಿದಿದ್ದರು!

"ದೇವರ ಆರತಿಯದ್ದಾ?"

"ಛೆ, ಛೆ! ಇದು ಕಮೋಡಿಗೇಂತ ಬೇರೆ ಕಲಸಿದ್ದು. ಮಂತ್ರ ಹೇಳ್ಲಿಲ್ಲ."

ಟ್ಯಾಂಕಿನ ಪೈಪು ಕಮೋಡಿಗೆ ಸೇರುವ ಜಾಗದಿಂದ ಕೆಂಪು ಗೆರೆ ಇಳಿಯುತ್ತಿತ್ತು. ಸಂಜೆ ಪ್ಲಂಬರ್ ಬಂದು ಅಲ್ಲಿನ ಸವೆದ ವಾಷರ್ ಬದಲಿಸಿದ. ಮಾವ ಬಿಡುತ್ತಾರೆಯೇ? "ಈಗ ಹೇಳು, ಟ್ಯಾಂಕಿಗೆ ಕೆಂಪು ಬೆವರು ಬರ್ತದಾ?"

ಬೆಳಿಗ್ಗೆ ನಾನು ಅತ್ತೆಯನ್ನು ಕರೆತಂದೆ. ಅವರು ವಾಕರ್ ಊರುತ್ತ ಮೊದಲು ಹೋದದ್ದೇ ಟಾಯ್ಲೆಟ್ಟಿಗೆ. ಬಾಗಿಲು ಓರೆ ಮಾಡಿಕೊಂಡರು. ಆಗಷ್ಟೇ ಸ್ನಾನ ಮಾಡಿ, ಮಡಿ ಉಟ್ಟು ಪೂಜೆಗೆ ಹೊರಟಿದ್ದ ಮಾವ ಹೊರಗೆ ನಿಂತುಬಿಟ್ಟರು.

"ನೆಲ ಒಣಗಿ ಉಂಟಾ?"

"ಉಂಟು."

"ಜಾರ್ತದಾ?"

"ಇಲ್ಲ ಮಾರಾಯ್ರೆ, ನೀವು ಪೂಜೆಗೆ ಹೋಗಿ!"

ಹೋಗಲಿಲ್ಲ. ಒಳಗೆ ವಾಕರ್ ಕಟಕ್ಕೆಂದದ್ದೇ ತಡ, ಬಾಗಿಲು ತಳ್ಳಿ ನುಗ್ಗಿ ಅತ್ತೆಯ ತೋಳು ಹಿಡಿದರು.

"ಅಯ್ಯೋ, ನಿಮ್ಮ ಮಡಿ!" ಅತ್ತೆ ಗಾಬರಿಯಾದರು.

"ನೀನು ಬಿದ್ರೆ ಮತ್ತೆ ನನಗೆಂತ ಮಡಿ?"

ಮಾವ ಅತ್ತೆಯನ್ನು ಮೆಲ್ಲನೆ ನಡೆಸಿಕೊಂಡು ಬಂದು ಮಂಚದಲ್ಲಿ ಕೂರಿಸಿದರು. ಆಮೇಲೆ ಮತ್ತೆ ಸ್ನಾನ ಮಾಡದೆ, ನೇರ ದೇವರ ಕೋಣೆಗೆ ಹೋಗಿ ಗಂಟೆ ಬಾರಿಸಿದರು.