ಮಾವನ ಹಲಗೆಯ ಮೇಲೆ ಗುಸ್ತಾವ್

ನಾನು ಒಲಿಸಿಕೊಳ್ಳಲಾರದ ಪ್ರಾಣಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಹೀಗೆಂದು ಕಳೆದ ಜನವರಿಯ ಮೊದಲ ಸೋಮವಾರ, ಗಂಜಿ ಬಟ್ಟಲಿಗೆ ಚಮಚ ಬಡಿದು ಘೋಷಿಸಿದೆ. ನನ್ನ ಹೆಂಡತಿ ಹಿಲ್ಕಾ ಪತ್ರಿಕೆಯಿಂದ ತಲೆಯೆತ್ತಲಿಲ್ಲ.

"ನಮ್ಮಪ್ಪ?" ಎಂದಳು.

ಬಾಣ ಸರಿಯಾಗಿ ನಾಟಿತು. ನನ್ನ ಮಾವ ಉರ್ಹೋ ಹನ್ನೊಂದು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ಐದಕ್ಕೆ ನಮ್ಮ ಮನೆಗೆ ಬರುತ್ತಾರೆ. ಹಿತ್ತಲಿನ ಸೌನಾದಲ್ಲಿ, ಅಂದರೆ ಅವರೇ ಕೈಯಾರೆ ಕಟ್ಟಿಕೊಟ್ಟ ಮರದ ಹಬೆಕೋಣೆಯಲ್ಲಿ, ನನ್ನ ಪಕ್ಕ ಒಂದು ಗಂಟೆ ಬತ್ತಲೆ ಕೂತು ಬೆವರುತ್ತಾರೆ. ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ "ಪರವಾಗಿಲ್ಲ ಕಣಯ್ಯಾ ನೀನು" ಎಂದಿದ್ದರೆ ಕೇಳಿ! ನಾನೋ ಮಾತಿನ ಮಲ್ಲ. ಹವಾಮಾನ, ಐಸ್ ಹಾಕಿ ಪಂದ್ಯ, ನನ್ನ ಹಲ್ಲುನೋವು, ಎಲ್ಲವನ್ನೂ ಅವರ ಮುಂದೆ ಹರಡುತ್ತೇನೆ. ಅವರು ಒಲೆಯ ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಎರಚುತ್ತಾರೆ. ಉಗಿ ಬುಸ್ಸೆಂದು ಏಳುತ್ತದೆ, ನನ್ನ ಬಾಯಿ ಮುಚ್ಚುತ್ತದೆ. ಮಾವ ಅಳಿಯರ ಸಂವಾದ ಮುಗಿಯುತ್ತದೆ.

"ಮಾವನ ಮಾತು ಬಿಡು. ನಾನು ಹೇಳಿದ್ದು ಪ್ರಾಣಿ ವಿಷಯ," ಎಂದು ಫೋನು ಮುಂದೆ ಹಿಡಿದೆ.

ಪಟ್ಟಣದಾಚೆಯ ಅನಾಥ ಪ್ರಾಣಿಗಳ ಆಶ್ರಯಧಾಮದವರು ಹಾಕಿದ್ದ ಚಿತ್ರ. ಇಗ್ವಾನಾ! ಮೂಗಿನಿಂದ ಬಾಲದ ತುದಿಗೆ ಒಂದೂವರೆ ಮೀಟರ್. ಗದ್ದದ ಕೆಳಗೆ ಜೋತಾಡುವ ತೊಗಲು, ಬೆನ್ನುದ್ದಕ್ಕೂ ಗರಗಸ. ಬೇಲಿಯ ಮೇಲಿನ ಓತಿಕ್ಯಾತಕ್ಕೆ ಹತ್ತು ವರ್ಷ ಗರಡಿಮನೆಯಲ್ಲಿ ಸಾಮು ಮಾಡಿಸಿದರೆ ಹೇಗಿರುತ್ತದೋ ಹಾಗಿತ್ತು. ಸಾಕಿದವಳಿಗೆ ಅವಳಿ ಮಕ್ಕಳಾಗಿ, ಮನೆಯಲ್ಲಿ ಜಾಗ ಸಾಲದೆ ಬಿಟ್ಟುಹೋಗಿದ್ದಳಂತೆ.

"ಹೆಸರು ಗುಸ್ತಾವ್," ಎಂದೆ.

"ಸ್ವೀಡನ್ ರಾಜರ ಹೆಸರು! ನಮ್ಮನ್ನ ನೂರಾರು ವರ್ಷ ಆಳಿದವರದು! ಅಪ್ಪ ಬಾಗ್ಲಲ್ಲೇ ಬೂಟು ತಿರುಗಿಸಿ ಹೊರಟುಬಿಡ್ತಾರೆ. ಅಲ್ಲಾ, ಇಲ್ಪೋ ಮಹಾರಾಯ, ಹೊರಗೆ ಮೈನಸ್ ಇಪ್ಪತ್ನಾಲ್ಕು ಇದೆ. ಬಿಸಿಲು ನಾಡಿನ ಪ್ರಾಣೀನ ತಂದು ಇಲ್ಲಿ ಐಸ್ ಕ್ಯಾಂಡಿ ಮಾಡ್ತೀಯಾ?"

"ನಾನಿರುವಾಗ ಅವನಿಗೆ ಚಳಿಯಾ? ನೋಡ್ತಿರು!"

ಹಿಲ್ಕಾ ಪತ್ರಿಕೆ ಮಡಚಿಟ್ಟಳು. "ಸರಿ. ಒಂದು ತಿಂಗಳು ಇರ್ಲಿ. ಕೊನೇ ಶನಿವಾರ ಅಪ್ಪ ಬಾಯಿಬಿಟ್ಟು 'ಇರಲಿ' ಅಂದ್ರೆ ಇರ್ತಾನೆ. ಇಲ್ದಿದ್ರೆ ಭಾನುವಾರ ವಾಪಸ್ಸು."

"ನಿಮ್ಮಪ್ಪ ಬಾಯಿ ಬಿಡೋದಾ? ಇದು ಷರತ್ತಲ್ಲ ಕಣೇ, ಶಾಪ!"

ಗುಸ್ತಾವ್ ಬಂದ. ಬಂದವನೇ ಬಾಲ ಬೀಸಿ ಕಾಫಿ ಪಾತ್ರೆಯನ್ನು ಗೋಡೆಗೆ ಹೊಡೆದು ಗೃಹಪ್ರವೇಶ ಮಾಡಿದ. ನನ್ನ ಓದುವ ಕೋಣೆ ಅವನದಾಯಿತು, ನನ್ನ ಪುಸ್ತಕದ ಕಪಾಟು ಅವನ ಏಣಿಯಾಯಿತು. ಹಗಲೆಲ್ಲ ತಲೆಯ ಮೇಲೆ ಶಾಖದ ದೀಪ, ದಿನಕ್ಕೊಂದು ಬುಟ್ಟಿ ಸೊಪ್ಪು, ಬೆಳಗ್ಗೆ ಉಗುರುಬೆಚ್ಚಗಿನ ಸ್ನಾನ. ನೀರಿಗಿಳಿದರೆ ಮಾತ್ರ ಅವನಿಗೆ ಹೊಟ್ಟೆ ಸಡಿಲವಾಗುವುದು ಎಂಬ ಸತ್ಯ ನಮಗೆ ತಿಳಿದದ್ದು ಹಿಲ್ಕಾಳ ಬಿಳಿ ಸ್ನಾನದ ತೊಟ್ಟಿಯಲ್ಲಿ! ಅವಳು ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ಅಪ್ಪನ ಮಗಳು.

ಆದರೆ ಮೂರನೆಯ ವಾರ ಒಂದು ಮಧ್ಯಾಹ್ನ ಗುಸ್ತಾವ್ ತಾನಾಗಿ ಬಂದು ನನ್ನ ಮುಂಗೈ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿ ಮಲಗಿದ. ಹೇಳಲು ನಾಚಿಕೆಯೇನು, ನಾನು ಅತ್ತುಬಿಟ್ಟೆ. ಇವನನ್ನು ಕಳಿಸುವುದು ಇನ್ನು ನನ್ನಿಂದಾಗದು ಎಂದು ಅವತ್ತೇ ಗೊತ್ತಾಯಿತು.

ಮಾವನದು ಮಾತ್ರ ಅದೇ ರಾಗ. ಮೂರು ಶನಿವಾರ ಬಂದರು, ಕೋಣೆಯೊಳಗೆ ಇಣುಕಿದರು, "ಹೂಂ" ಎಂದರು, ಹೋದರು.

ಕೊನೆಯ ಶನಿವಾರ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲೋ ಹಿಮ ಹೊತ್ತ ಪೈನ್ ಮರವೊಂದು ತಂತಿಯ ಮೇಲೆ ಉರುಳಿ ಊರಿಗೆಲ್ಲ ಕರೆಂಟು ಹೋಯಿತು. ಶಾಖದ ದೀಪ ಆರಿತು. ಎರಡು ಗಂಟೆಯ ಹೊತ್ತಿಗೆ ಕೋಣೆ ತಣ್ಣಗಾಗಿ, ಎಲೆಹಸಿರಿನ ಗುಸ್ತಾವ್ ಮಸಿಬಣ್ಣಕ್ಕೆ ತಿರುಗಿದ. ನಾನು ಓಡಿಹೋಗಿ ನನ್ನ ಉಣ್ಣೆಯ ಸ್ವೆಟರ್ ತಂದು ಅವನಿಗೆ ತೊಡಿಸತೊಡಗಿದೆ.

"ಅಯ್ಯೋ ಬೆಪ್ಪೇ! ಅವನ ಮೈಯಲ್ಲಿ ಬಿಸಿಯೇ ಹುಟ್ಟಲ್ಲ. ಸ್ವೆಟರ್ ಹಾಕಿದ್ರೆ ಚಳೀನೇ ಒಳಗೆ ಕಟ್ಟಿಟ್ಟ ಹಾಗೆ!" ಎಂದು ಹಿಲ್ಕಾ ಅದನ್ನು ಕಿತ್ತೆಸೆದಳು. ಅವನ ಮೈ ಮುಟ್ಟಿ ಮುಟ್ಟಿ ನೋಡಿದಳು. ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು.

"ಸೌನಾ!" ಇಬ್ಬರೂ ಒಟ್ಟಿಗೆ ಕೂಗಿದೆವು.

ಸೌನಾಕ್ಕೆ ಕರೆಂಟಿನ ಹಂಗೆಲ್ಲಿ? ಸೌದೆ ಒಲೆ! ಸಣ್ಣಗೆ ಉರಿ ಹಚ್ಚಿ, ಮೂವತ್ತೈದು ಡಿಗ್ರಿಗೆ ತಂದು, ಗುಸ್ತಾವನನ್ನು ಕಂಬಳಿಯಲ್ಲಿ ಸುತ್ತಿ ಹಿಮದ ನಡುವೆ ಓಡಿದೆ. ಹತ್ತೇ ನಿಮಿಷದಲ್ಲಿ ಮತ್ತೆ ಹಸಿರೇರಿತು. ಅವನು ಗತ್ತಿನಿಂದ ಮೇಲಿನ ಹಲಗೆಗೆ ಏರಿ, ಕಿಟಕಿಯ ಪಕ್ಕದ ಮೂಲೆಯಲ್ಲಿ ಉದ್ದಕ್ಕೆ ಪವಡಿಸಿದ. ನನ್ನ ಆನಂದಕ್ಕೆ ಪಾರವಿಲ್ಲ! ಅದು ಮಾವನ ಬೆನ್ನು ತಾಗಿ ತಾಗಿ ನುಣುಪಾದ ಮೂಲೆ ಎಂಬುದೂ ಹೊಳೆಯಲಿಲ್ಲ.

ಅದೇ ಆನಂದದಲ್ಲಿ, ಶನಿವಾರದ ರೂಢಿಯಂತೆ, ಮಾವ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟನ್ನು ಬಕೆಟ್ಟಿನಲ್ಲಿ ನೆನೆಹಾಕಿ ಸೌದೆ ತರಲು ಹೋದೆ. ಬೇಸಿಗೆಯಲ್ಲಿ ಅವರೇ ಕೊಂಬೆ ಆರಿಸಿ ಕಟ್ಟಿ ಒಣಗಿಸಿದ್ದು. ನಮ್ಮಲ್ಲಿ ಉಳಿದಿದ್ದ ಕೊನೆಯ ಕಟ್ಟು. ಹಿಂದಿರುಗಿ ನೋಡುತ್ತೇನೆ, ಬಕೆಟ್ಟಿನಲ್ಲಿ ಒಂದು ಪೊರಕೆ! ಎಲೆ ಎಂಬುದೊಂದೂ ಇಲ್ಲ. ಮೇಲೆ ಗುಸ್ತಾವ್ ತುಟಿ ಚಪ್ಪರಿಸುತ್ತಿದ್ದ.

ಆಶ್ರಯಧಾಮಕ್ಕೆ ಫೋನು ಮಾಡಿದೆ. "ಆ ಎಲೆಯಿಂದ ಏನೂ ಆಗಲ್ಲ ಬಿಡಿ," ಎಂದಳು ಅಲ್ಲಿಯ ಹೆಂಗಸು. "ಹೊಟ್ಟೆ ತುಂಬಿದಾಗ ಬಾಲ ಬೀಸ್ತಾನೆ. ಬೆನ್ನು ಜೋಪಾನ."

ಐದಕ್ಕೆ ಸರಿಯಾಗಿ ಮಾವ ಬಂದರು. ಬಟ್ಟೆ ಕಳಚಿ, ಟವೆಲ್ ಹಿಡಿದು ಸೌನಾದ ಬಾಗಿಲು ತೆರೆದರು. ಅವರ ಜಾಗದಲ್ಲಿ ಸ್ವೀಡನ್ನಿನ ರಾಜ!

"ಇಳಿಸ್ತೀನಿ ಮಾವ, ಒಂದೇ ನಿಮಿಷ," ಎಂದು ಗುಸ್ತಾವನ ಸೊಂಟ ಹಿಡಿದು ಎಳೆದೆ. ಉಡದ ಪಟ್ಟು ಎಂದು ಕೇಳಿದ್ದೆ. ಉಡಕ್ಕೇ ಪಾಠ ಹೇಳುವ ಪಟ್ಟು ಅವತ್ತು ಕಂಡೆ!

"ಬಿಡು," ಎಂದರು ಮಾವ. "ಸೌನಾದಲ್ಲಿ ಕೂತವರನ್ನ ಎಬ್ಬಿಸಬಾರದು. ಯಾರಾದ್ರೂ ಸರಿ."

ಹೋಗಿ ಅವನ ಪಕ್ಕದಲ್ಲೇ ಕೂತು, ನೀರಿನ ಸೌಟು ಎತ್ತಿದರು. ನಾನು ಅಡ್ಡ ಬಂದೆ.

"ಬೇಡ ಮಾವ! ನಲವತ್ತು ದಾಟಿದ್ರೆ ಇವನು ಬೆಂದುಹೋಗ್ತಾನೆ!"

ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಸೌಟು ಕೆಳಗಿಳಿಯಿತು.

"ಕಟ್ಟೆಲ್ಲಿ?" ಎಂದರು. ಪೊರಕೆ ಎತ್ತಿ ತೋರಿಸಿದೆ. ಅವರು ಪೊರಕೆ ನೋಡಿದರು. ಗುಸ್ತಾವನ ಗದ್ದಕ್ಕೆ ಅಂಟಿದ್ದ ಎಲೆ ನೋಡಿದರು. ಮುಗಿಯಿತು! ನಾಳೆ ಇವನನ್ನು ಕಾರಿಗೆ ಹತ್ತಿಸಿ ಹೇಗೆ ಬಿಟ್ಟುಬರಲಿ? ಅಷ್ಟರಲ್ಲಿ ಗುಸ್ತಾವ್ ಮಗ್ಗುಲು ಬದಲಿಸಿದ.

ಛಟೀರ್!

ಬಾಲ ನೇರ ಮಾವನ ಬೆನ್ನಿಗೆ! ನಾನು ಕಣ್ಣು ಮುಚ್ಚಿದೆ.

"ಯಾರಿಗೆ ಬಿತ್ತು?" ಹೊರಗಿನಿಂದ ಹಿಲ್ಕಾ ಕೂಗಿದಳು.

"ನಿಮ್ಮಪ್ಪಂಗೆ!"

ಒಲೆಯಲ್ಲಿ ಸೌದೆ ಚಟಪಟ ಎಂದಿತು. ಆಮೇಲೆ ಮಾವ ನಿಧಾನವಾಗಿ ಬೆನ್ನು ತಿರುಗಿಸಿ ಕೂತರು.

"ಇನ್ನೂ ಸ್ವಲ್ಪ ಎಡಕ್ಕೆ," ಎಂದರು.

ಛಟೀರ್!

"ಹಾಂ. ಅಲ್ಲೇ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮಾವನ ಬಾಯಿಂದ ಹೊರಟಿತು!

"ಈ ಬಿಸಿ ಹಿತವಾಗಿದೆ ಕಣಯ್ಯಾ. ಕಮ್ಮಿ ಬಿಸೀಲಿ ಕೂತ್ಕೊಳ್ಳಿ ಅಂತ ಡಾಕ್ಟ್ರು ಆರು ವರ್ಷದಿಂದ ಬಡ್ಕೋತಿದಾರೆ. ಅಳಿಯ ಎಂಬತ್ತು ಡಿಗ್ರೀಲಿ ಹಾಯಾಗಿ ಹರಟ್ತಾ ಕೂತಿರುವಾಗ ನಾನು ಹೇಗೆ ಇಳಿಸ್ಲಿ?"

"ಹಾಯಾಗಾ? ನಿಮಗೆ ಹೆದರಿ ಕೂತಿದ್ದೆ ಮಾವ! ತಲೆ ತಿರುಗಿ ಬೀಳಬಾರದು ಅಂತಲೇ ಮಾತಾಡ್ತಿದ್ದೆ!"

ಮಾವನ ಭುಜಗಳು ಕುಲುಕಿದವು. ನಗುತ್ತಿದ್ದರು! ನಾನೂ ನಕ್ಕೆ. ಇಷ್ಟು ವರ್ಷ ಒಬ್ಬರ ಮರ್ಯಾದೆಗಾಗಿ ಒಬ್ಬರು ಬೆಂದಿದ್ದೆವು.

ಸೌನಾ ಮುಗಿಸಿ, ಗುಸ್ತಾವನನ್ನು ಅಲ್ಲೇ ಬೆಚ್ಚಗೆ ಬಿಟ್ಟು, ಮನೆಯೊಳಗೆ ಮೇಣದಬತ್ತಿಯ ಬೆಳಕಿನಲ್ಲಿ ಸಾಸೇಜು ತಿನ್ನುವಾಗ ಹಿಲ್ಕಾ ಕೇಳಿಯೇಬಿಟ್ಟಳು. "ಅಪ್ಪಾ, ತಿಂಗಳಾಯ್ತು. ಏನಂತೀರಿ?"

ಮಾವ ಮೀಸೆ ಒರೆಸಿಕೊಂಡರು. ನನ್ನನ್ನೇ ದಿಟ್ಟಿಸಿದರು. "ಪರವಾಗಿಲ್ಲ," ಎಂದರು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕೀಳುವಂತಾಯಿತು!

"ಆ ಗುಸ್ತಾವ್ ಪರವಾಗಿಲ್ಲ," ಎಂದು ಮುಂದುವರಿಸಿದರು. "ಒಂದು ಗಂಟೆ ಪಕ್ಕದಲ್ಲಿ ಕೂತಿದ್ದ. ತುಟಿ ಪಿಟಕ್ ಅನ್ನಲಿಲ್ಲ. ಇರಲಿ. ಮುಂದಿನ ವಾರದಿಂದ ಮೊದಲ ಸರದಿ ನಮ್ಮಿಬ್ಬರದು. ಅಳಿಯ ಸೌದೆ ನೋಡ್ಕೊಳ್ಳಲಿ."

ಗೆದ್ದೆ! ಗುಸ್ತಾವ್ ಉಳಿದ, ಮಾವ ಬಾಯಿಬಿಟ್ಟರು! "ನೋಡಿದೆಯಾ, ಇಬ್ಬರನ್ನೂ ಒಲಿಸಿಕೊಂಡೆ!" ಎಂದು ಹಿಲ್ಕಾಳ ಮುಂದೆ ಎದೆ ತಟ್ಟಿಕೊಂಡೆ.

"ಒಲಿಸಿದೆ ನಿಜ," ಎಂದಳು. "ಅವರಿಗೆ ಇವನನ್ನ, ಇವನಿಗೆ ಅವರನ್ನ."

ಈಗ ಪ್ರತಿ ಶನಿವಾರ ಐದಕ್ಕೆ ನಾನು ಸೌನಾದ ಬಾಗಿಲ ಹೊರಗೆ ಸೌದೆ ಹಿಡಿದು ನಿಲ್ಲುತ್ತೇನೆ. ಗೆದ್ದವನ ಹೆಮ್ಮೆಯಿಂದ ಮೊನ್ನೆ ಅಲ್ಲಿಂದಲೇ ಐಸ್ ಹಾಕಿಯ ಸುದ್ದಿ ಶುರುಮಾಡಿದೆ. ಬಾಗಿಲು ಒಂದು ಬೆರಳಷ್ಟು ತೆರೆಯಿತು.

"ಅಳಿಯಾ," ಎಂದರು ಮಾವ ಪಿಸುದನಿಯಲ್ಲಿ, "ಮೆಲ್ಲಗೆ. ಮಗು ಈಗ ತಾನೇ ಕಣ್ಣು ಮುಚ್ಚಿ ಮಲಗಿದೆ."