ಹುಡುಗನ ಕಡೆಯಿಂದ ಕಾಂದಾಪೋಹೆ

ಎಲ್ಲ ಗೋಳಿಗೂ ಮೂಲ ಜಕ್ಕಪ್ಪನ ಫೋನು. ಅಥಣಿಯ ಆಚೆ ದ್ರಾಕ್ಷಿ ಬೆಳೆಸಿಕೊಂಡು ಸುಮ್ಮನಿದ್ದ ಈ ಸೋದರಮಾವ, ಜನ್ಮದಲ್ಲಿ ಮೊದಲ ಸಲ ಮದುವೆಯ ಮಧ್ಯಸ್ಥಿಕೆಗೆ ಕೈ ಹಾಕಿದ್ದ. ಕಬ್ಬೂರಿನ ಅಕ್ಕನ ಮಗ ಮಲ್ಲೇಶನಿಗೆ ಬೆಳಗಾಗೆದ್ದು ಫೋನು ಹಚ್ಚಿ, ನಿಪ್ಪಾಣಿಯ ಹುಡುಗಿ ಇವತ್ತು ಮಧ್ಯಾಹ್ನ ತಾನೇ ನಿಮ್ಮ ಮನೆಗೆ ಬರುತ್ತಾಳೆ ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು ಅವಳ ಷರತ್ತನ್ನೂ ಹೇಳಿದ.

“ಪ್ರತಿ ಸಲಾ ನಾನಽ ಯಾಕ, ಈ ಸಲ ಕಾಂದಾಪೋಹೆ ಹುಡುಗನ ಕಡೆಯಿಂದ ಆಗ್ಲಿ ಅಂದಾಳಲೇ. ಅಕ್ಕನ ಕೈ ಹಚ್ಚಿಸಬ್ಯಾಡ. ನೀನಽ ಮಾಡು.”

ಕಾಂದಾಪೋಹೆ ಎಂದರೆ ಉಳ್ಳಾಗಡ್ಡಿ ಹಾಕಿದ ಒಗ್ಗರಣೆ ಅವಲಕ್ಕಿ. ಮಲ್ಲೇಶನಿಗೆ ಅದು ತಿಂದು ಗೊತ್ತಿತ್ತೇ ಹೊರತು ಮಾಡಿ ಗೊತ್ತಿರಲಿಲ್ಲ. ಒಲೆ ಹೊತ್ತಿಸಿದ್ದೂ ಬೀಡಿಗಾಗಿಯೇ. ಆದರೆ ಒಲ್ಲೆ ಎನ್ನುವ ಹಾಗಿರಲಿಲ್ಲ. ಕಬ್ಬಿನ ಹೊಲ, ಬಾವಿ, ಟ್ರ್ಯಾಕ್ಟರು ಎಲ್ಲ ಇದ್ದರೂ ಹೆಣ್ಣು ಕೊಡುವವರಿಲ್ಲದೆ ಅವನಿಗೆ ಮೂವತ್ನಾಲ್ಕು ದಾಟಿತ್ತು. ನೋಡಿದ ಹುಡುಗಿಯರೆಲ್ಲ ಪಗಾರದವನೇ ಬೇಕೆಂದು ಜಾರಿಕೊಂಡಿದ್ದರು. ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವ ಈ ಸೌಂದರ್ಯಾ ಒಬ್ಬಳೇ, ಹೊಲದವನಾದರೂ ಅಡ್ಡಿಯಿಲ್ಲ ಎಂದವಳು. ಅವಳು ಕೈ ತಪ್ಪಿದರೆ ತನಗೆ ಬಾಸಿಂಗ ಬರೆದಿಲ್ಲವೆಂದು ಅವನು ಗಟ್ಟಿಯಾಗಿ ನಂಬಿದ್ದ.

ತಾಯಿ ಲಕ್ಕವ್ವನನ್ನು ಆಣೆ ಹಾಕಿಸಿ ಹೊರಗಿನ ಕಟ್ಟೆಯ ಮೇಲೆ ಕೂರಿಸಿದ. ಅಂಗಡಿಗೆ ಹೋಗಿ ಅವಲಕ್ಕಿ ಕೇಳಿದ. ದಪ್ಪದ್ದೋ ತೆಳುವಾದದ್ದೋ ಎಂದು ಅಂಗಡಿಯವನು ಕೇಳಿದಾಗ, ಬರುವವಳು ಪಟ್ಟಣದ ಹುಡುಗಿ, ನಾಜೂಕಾದದ್ದೇ ಇರಲಿ ಎಂದು ತೆಳು ಅವಲಕ್ಕಿ ತಂದ. ತಂದವನು ಅದನ್ನು ಕಡಲೆ ನೆನೆಹಾಕಿದಂತೆ ಬೋಗುಣಿ ತುಂಬ ನೀರಿನಲ್ಲಿ ಮುಳುಗಿಸಿ, ದಾಡಿ ಮಾಡಿಕೊಳ್ಳಲು ಹೋದ. ತಿರುಗಿ ಬಂದು ನೋಡಿದರೆ ಅವಲಕ್ಕಿಯೇ ಇಲ್ಲ. ಗೋಡೆಗೆ ಜಾಹೀರಾತು ಅಂಟಿಸುವ ಸರಿ ಕಲಸಿಟ್ಟಂತೆ ಇತ್ತು.

ಅಷ್ಟರಲ್ಲಿ ಕಿಟಕಿಯಲ್ಲಿ ನೆರೆಮನೆಯ ಶೇವಂತಾ ಕಾಕುವಿನ ಮುಖ ಮೂಡಿತು. ಬೆನ್ನ ಹಿಂದೆಯೇ ಅವಳ ಗಂಡ ದಾದಾಸಾಹೇಬ. ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದ ಮನುಷ್ಯ, ಬಾಗಿಲಲ್ಲಿ ನಿಂತು ಅಪ್ಪಣೆ ಕೊಡುವ ಚಟ ಇನ್ನೂ ಬಿಟ್ಟಿರಲಿಲ್ಲ. ಕೈ ಹಚ್ಚಬಾರದು ಎಂದಿದ್ದರೇ ಹೊರತು ಬಾಯಿ ಹಚ್ಚಬಾರದು ಎಂದು ಯಾರೂ ಅಂದಿರಲಿಲ್ಲವಲ್ಲ.

ಕೆಟ್ಟದ್ದೇನಿಲ್ಲ, ಹಿಟ್ಟು ಕಲಸಿ ರೊಟ್ಟಿಯ ಹಾಗೆ ಥಾಲಿಪೀಟ ತಟ್ಟು ಎಂದಳು ಕಾಕು. ಉಳ್ಳಾಗಡ್ಡಿ ಹೆಚ್ಚಿ ಹಾಕು, ಎರಡು ಚಮಚ ಚಟ್ನಿ ಹಾಕು. ಕಾಕುವಿನ ತವರು ಕೊಲ್ಹಾಪುರದ ಕಡೆ, ಅಲ್ಲಿ ಚಟ್ನಿ ಎಂದರೆ ಮಸಾಲೆಯ ಕೆಂಪು ಖಾರ. ಮಲ್ಲೇಶನಿಗೆ ಚಟ್ನಿ ಎಂದರೆ ಶೇಂಗಾ ಚಟ್ನಿ. ಅದನ್ನು ಸುರಿದ. ಖಾರದ ಬಣ್ಣ ಕಾಣದ್ದಕ್ಕೆ ಕಾಕು ಇನ್ನೂ ಹಾಕು ಎಂದಳು, ಇವನು ಡಬ್ಬಿಯನ್ನೇ ಬರಿದು ಮಾಡಿದ. ಮೊಸರು ಹೊಯ್ಯಿ ಎಂದ ದಾದಾಸಾಹೇಬ. ಹೊಯ್ದಾಗ ನೀರಾಯಿತು. ನೀರಾದದ್ದಕ್ಕೆ ಹಿಟ್ಟು ಎಂದರು ಇಬ್ಬರೂ. ಯಾವ ಹಿಟ್ಟು ಎಂದರೆ ಕಾಕು ಕಡಲೆ ಹಿಟ್ಟು ಎಂದಳು, ದಾದಾಸಾಹೇಬ ಜೋಳದ್ದು ಎಂದ. ಅವರಿಬ್ಬರೂ ಅದಕ್ಕೇ ಜಗಳಕ್ಕೆ ನಿಂತಾಗ, ತಲೆ ಕೆಟ್ಟ ಮಲ್ಲೇಶ ಕೈಗೆ ಸಿಕ್ಕ ಹಿಟ್ಟನ್ನು ಸುರಿದು, ಕಣ್ಣು ಮುಚ್ಚಿ ಕಲಸಿ, ಹೆಂಚಿನ ಮೇಲೆ ತಟ್ಟಿದ. ತಾನು ಮಾಡುತ್ತಿರುವುದು ಏನೆಂದು ಅವನಿಗೇ ತಿಳಿಯದೆ ಅಳು ಬಂದಿತ್ತು.

ಸೌಂದರ್ಯಾ ತಂದೆ ಮುರಗೆಪ್ಪನ ಜೊತೆ ಬಂದಳು. ಜಕ್ಕಪ್ಪನೂ ಬಂದು ದೊಡ್ಡಸ್ತಿಕೆಯಿಂದ ಕುರ್ಚಿ ಹಿಡಿದ. ಮಲ್ಲೇಶ ತಾಟು ಇಟ್ಟು, ತೀರ್ಪಿಗೆ ಕಾಯುವವನಂತೆ ಬಾಗಿಲ ಬಳಿ ನಿಂತ. ಅವಳು ಒಂದು ತುಣುಕು ಮುರಿದು ತಿಂದಳು. ಇನ್ನೊಂದು ತಿಂದಳು. ತಾಟು ಖಾಲಿಯಾದಾಗ ಮತ್ತೊಂದು ಐತೇನ್ರಿ ಎಂದು ಕೇಳಿದಳು. ಮುರಗೆಪ್ಪನಂತೂ ತನ್ನದು ಮುಗಿಸಿ ಜಕ್ಕಪ್ಪನ ತಾಟಿಗೆ ಕಣ್ಣು ಹಾಕಿದ್ದ.

“ಇದಕ್ಕೇನಂತಾರ್ರಿ?” ಎಂದಳು ಸೌಂದರ್ಯಾ.

“ಹೆಸರು ಇಟ್ಟಿಲ್ರಿ ಇನ್ನಾ,” ಎಂದ ಮಲ್ಲೇಶ. “ನೀವು ಕಾಂದಾಪೋಹೆ ಹುಡುಗನ ಕಡೆಯಿಂದ ಆಗ್ಲಿ ಅಂದಿದ್ರಿ. ನನ್ನ ಕಡೆಯಿಂದ ಅದು ಆಗ್ಲಿಲ್ಲ. ಇದಾತು.”

ಅವಳು ಒಂದು ಗಳಿಗೆ ಅವನ ಮುಖ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಿಪ್ಪಾಣಿಯಲ್ಲಿ ಕಾಂದಾಪೋಹೆ ಎಂದರೆ ಹೆಣ್ಣು ನೋಡುವ ಶಾಸ್ತ್ರಕ್ಕೇ ಹೆಸರಂತೆ. ಪ್ರತಿ ಸಲ ತನ್ನ ಮನೆಯಲ್ಲೇ ಸೀರೆ ಉಟ್ಟು ಕೂತು ಬೇಸತ್ತಿದ್ದಳು, ಈ ಸಲ ಆ ಶಾಸ್ತ್ರ ಹುಡುಗನ ಮನೆಯಲ್ಲಾಗಲಿ ಎಂದಿದ್ದಳು, ಅಷ್ಟೇ. ಎಲ್ಲರ ಕಣ್ಣೂ ಜಕ್ಕಪ್ಪನ ಕಡೆ ಹೊರಳಿದವು. ಜಕ್ಕಪ್ಪ ಮೇಲಿನ ಫ್ಯಾನನ್ನು ಬಹಳ ಆಸ್ಥೆಯಿಂದ ನೋಡತೊಡಗಿದ.

ಮಲ್ಲೇಶನ ಎದೆಯ ಮೇಲಿನ ಕಲ್ಲು ಇಳಿಯಿತು. ಹಾಗಿದ್ದರೆ ಹುಡುಗನಿಗೆ ಅಡುಗೆ ಬರಬೇಕೆಂಬ ಷರತ್ತು ಇಲ್ಲವೇ ಎಂದು ಕೇಳಿದ.

“ಇಲ್ಲಿಗೆ ಬರೂತನಾ ಇರ್ಲಿಲ್ರಿ,” ಎಂದಳು ಸೌಂದರ್ಯಾ. “ನನಗ ಚಾ ಬಿಟ್ರ ಏನೂ ಬರಂಗಿಲ್ಲ. ಅದಽ ಚಿಂತಿ ಇತ್ತು. ಈಗ ಷರತ್ತು ಐತಿ. ನನಗ ಒಪ್ಪಿಗಿ ಐತಿ. ರವಿವಾರ ನಮ್ಮ ಮಂದಿ ಎಲ್ಲಾ ಬರ್ತಾರ, ಇದನ್ನಽ ಮಾಡ್ರಿ.”

ಕಟ್ಟೆಯ ಮೇಲಿದ್ದ ಲಕ್ಕವ್ವ ಸಂತೋಷದಿಂದ ಕಣ್ಣೊರೆಸಿಕೊಂಡಳು. ಮನೆಯಲ್ಲಿರುವವರಿಗೂ ರುಚಿ ತೋರಿಸಬೇಕು, ಆ ಹಿಟ್ಟು ಒಂದಿಷ್ಟು ಕಟ್ಟಿಕೊಡಿ ಎಂದು ಮುರಗೆಪ್ಪ ಕೇಳಿದ್ದೇ ತಡ, ಬೀಗರ ಮೊದಲ ಮಾತು ಎಂದು ಒಳಗೆ ಓಡಿದಳು. ಓಡಿದವಳು ಹೊರಗೆ ಬರಲಿಲ್ಲ. ಮಲ್ಲೇಶ ಹೋಗಿ ನೋಡಿದರೆ, ಕಡಲೆ, ಜೋಳ ಎರಡೂ ಹಿಟ್ಟಿನ ಡಬ್ಬಿಗಳ ಮುಚ್ಚಳ ತೆಗೆದು ನಿಂತಿದ್ದಳು. ಎರಡೂ ಬಾಯಿಮಟ ತುಂಬಿದ್ದವು.

“ಯಾವ ಹಿಟ್ಟ ಹಾಕಿದ್ಯೋ?” ಎಂದಳು ಮೆಲ್ಲಗೆ.

ಅವನು ಹಿತ್ತಿಲ ಬಾಗಿಲ ಸಂದಿಯಲ್ಲಿದ್ದ ಬಕೆಟ್ಟು ತೋರಿಸಿದ.

ಲಕ್ಕವ್ವ ನೆಲಕ್ಕೆ ಕುಸಿದು ಕೂತಳು. “ಅದು ಈದ ಎಮ್ಮಿಗಿ ಅಂತ ಸಜ್ಜಿ, ಮೆಂತೆ ಬೀಸಿ ಇಟ್ಟಿದ್ನೋ.”

ಹೊರಗಿನಿಂದ ಮುರಗೆಪ್ಪನ ದನಿ ಕೇಳಿತು. “ಸ್ವಲ್ಪ ಜಾಸ್ತೀನಽ ಕಟ್ರಿ. ಬೀಗರಾದ ಮ್ಯಾಲ ಸಂಕೋಚ ಎದಕ?”